ಪಾರ್ಕಿನ ನಡಿಗೆಯೋ, ಜಿಮ್ಮೋ?

ಮನಸ್ಸು ಭಾರವಾಗಿದ್ದರೆ ನನ್ನ ಒಲವು ಹೊರಗಿನ ನಡಿಗೆಗೆ. 2015ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಕೆಲವರನ್ನು 90 ನಿಮಿಷ ಮರಗಿಡಗಳ ನಡುವೆ, ಉಳಿದವರನ್ನು ವಾಹನ ಜಾಸ್ತಿ ಇರುವ ರಸ್ತೆ ಬದಿ ನಡೆಸಿದರು. ಒಂದೇ ಕೊರಗನ್ನು ಮತ್ತೆ ಮತ್ತೆ ಮೆಲುಕು ಹಾಕುವುದು ಹಸಿರಲ್ಲಿ ನಡೆದವರಿಗೆ ಮಾತ್ರ ಕಡಿಮೆಯಾಯಿತು. ಅದಕ್ಕೇ ನಮ್ಮ ಶಿವಮೊಗ್ಗದ ಬಿ.ಎಚ್. ರಸ್ತೆಯ ಟ್ರಾಫಿಕ್‌ನಲ್ಲಿ ಸುಮ್ನೆ ಸುತ್ತಬೇಡಿ, ಗಾಂಧಿ ಪಾರ್ಕಿಗೆ ಹೋಗಿ.

ಒಡನಾಟದ ಮಾತು ಬೇರೆ. ಪಾರ್ಕಿನಲ್ಲಿ ಎಲ್ಲ ವಯಸ್ಸಿನವರೂ ಸಿಗುತ್ತಾರೆ, ಆದರೆ ಪರಿಚಯ ಒಂದು ನಗುವಿಗೇ ನಿಲ್ಲಬಹುದು. ಜಿಮ್ಮಿನಲ್ಲೋ ಯೋಗ ಕ್ಲಾಸಿನಲ್ಲೋ ಅದೇ ಹೊತ್ತು, ಅದೇ ಮುಖಗಳು. ಎರಡು ದಿನ ತಪ್ಪಿಸಿದರೆ ‘ಯಾಕ್ರೀ ಬರ್ಲಿಲ್ಲ?’ ಎಂದು ಕೇಳುವವರಿರುತ್ತಾರೆ. ಶಿವಮೊಗ್ಗಕ್ಕೆ ಹೊಸಬರಾದವರಿಗೆ ಅದೇ ದೊಡ್ಡ ಆಸರೆ, ಅಲ್ವಾ?

ಖರ್ಚು ಜಿಮ್ಮಿಗೇ ಜಾಸ್ತಿ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಮಳೆ ಹಿಡಿದಾಗ, ಅಭ್ಯಾಸ ತಪ್ಪಬಾರದು ಎನ್ನುವವರಿಗೆ ಒಳಗಿನದೇ ಸರಿ.