ಮೇಣ ಚೆನ್ನಾಗಿದೆ, ಜಾರ್ ಚೆನ್ನಾಗಿದೆ, ಬತ್ತಿ ಮಾತ್ರ ಸಾಲದು: ಮನೆಯಲ್ಲೇ ಪರಿಮಳದ ಕ್ಯಾಂಡಲ್ ಮಾಡುವ ಕಿಟ್

ಪರಿಮಳದ ಕ್ಯಾಂಡಲ್ ಅಂದರೆ ನನಗೆ ಪ್ರಾಣ. ಆದರೆ ಘಾಟು ಸ್ವಲ್ಪ ಜಾಸ್ತಿಯಾದರೂ ಅರ್ಧ ಗಂಟೆಯೊಳಗೆ ತಲೆನೋವು ಶುರುವಾಗುತ್ತದೆ. ಕೊಂಡು ತಂದ ಕ್ಯಾಂಡಲ್‌ನಲ್ಲಿ ಎಷ್ಟು ಸುಗಂಧ ಸುರಿದಿದ್ದಾರೆ ಅಂತ ನಮಗೆ ತಿಳಿಯುವುದೇ ಇಲ್ಲ ಅಲ್ವಾ. ನಾನೇ ಅಳೆದು ಹಾಕಿಕೊಂಡರೆ ಆ ತೊಂದರೆ ಇರುವುದಿಲ್ಲ ಅನ್ನಿಸಿತು. ಎರಡು ತಿಂಗಳ ಹಿಂದೆ ಹೊಸಬರಿಗೆ ಅಂತಲೇ ಮಾಡಿದ ಒಂದು ಕಿಟ್ ತರಿಸಿದೆ. ಅದರಲ್ಲಿದ್ದ ಮೇಣ ಪೂರ್ತಿ ಮುಗಿಯುವಷ್ಟರಲ್ಲಿ ಆರು ಜಾರ್ ಮಾಡಿದ್ದೇನೆ. ಈಗ ಈ ಕಿಟ್ ಬಗ್ಗೆ ಹೇಳುವ ಧೈರ್ಯ ಬಂದಿದೆ.

ಪೆಟ್ಟಿಗೆಯಲ್ಲಿ ಇದ್ದದ್ದು ಇಷ್ಟು. ಚಕ್ಕೆಯಾಗಿರುವ ಸೋಯಾ ಮೇಣ ಒಂದು ಕೆಜಿ, ಮುಚ್ಚಳ ಇರುವ ನಾಲ್ಕು ಗಾಜಿನ ಜಾರ್, 10 ಮಿಲಿಯ ಮೂರು ಸುಗಂಧದ ಬಾಟಲಿ (ಲ್ಯಾವೆಂಡರ್, ವೆನಿಲಾ, ನಿಂಬೆಹುಲ್ಲು), ಎಂಟು ಹತ್ತಿ ಬತ್ತಿ, ಬತ್ತಿಯ ಬುಡ ಅಂಟಿಸುವ ಬಿಲ್ಲೆಗಳು, ಬತ್ತಿಯನ್ನು ನೆಟ್ಟಗೆ ಹಿಡಿಯುವ ಪಟ್ಟಿಗಳು, ಮೇಣ ಕರಗಿಸುವ ಸ್ಟೀಲ್ ಜಗ್, ಒಂದು ಥರ್ಮಾಮೀಟರ್, ಎರಡು ಪುಟದ ಸೂಚನೆ ಹಾಳೆ. ತೂಕದ ಯಂತ್ರ ಇಲ್ಲ. ಅಡುಗೆಮನೆಯ ಡಿಜಿಟಲ್ ತಕ್ಕಡಿ ನಿಮ್ಮ ಹತ್ತಿರ ಇಲ್ಲದಿದ್ದರೆ ಮೊದಲು ಅದನ್ನು ತಂದುಕೊಳ್ಳಿ. ಅದಿಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಯಾಕೆ ಅಂತ ಹೇಳುತ್ತೇನೆ.

ಸೂಚನೆ ಹಾಳೆಯಲ್ಲಿ "ಒಂದು ಜಾರ್‌ಗೆ 20 ಹನಿ ಸುಗಂಧ ಸಾಕು, ಮರುದಿನ ಹಚ್ಚಬಹುದು" ಅಂತ ಬರೆದಿತ್ತು. ಮೊದಲ ಸಲ ನಾನೂ ಮಗಳೂ ಅದನ್ನೇ ನಂಬಿ ಎರಡು ಜಾರ್ ಲ್ಯಾವೆಂಡರ್ ಮಾಡಿದೆವು. ಮಗಳು ಒಂದೊಂದು ಹನಿಯನ್ನೂ ಎಣಿಸಿ ಹಾಕಿದ್ದಳು. ಮರುದಿನ ಸಂಜೆ ಕೋಣೆಯ ಬಾಗಿಲು ಹಾಕಿ ಹಚ್ಚಿ ಕೂತೆವು. ಒಂದು ಗಂಟೆ ಕಳೆಯಿತು. "ಅಮ್ಮ, ನಿನಗೇನಾದರೂ ವಾಸನೆ ಬರ್ತಿದೆಯಾ?" ಅಂತ ಕೇಳಿದಳು. ನನಗೂ ಏನೂ ಬರುತ್ತಿರಲಿಲ್ಲ. ಜಾರ್‌ಗೆ ಮೂಗು ತಾಗಿಸಿದರೆ ಮಾತ್ರ ಒಂದಿಷ್ಟು.

ಲೆಕ್ಕ ಹಾಕಿ ನೋಡಿದ ಮೇಲೆ ಕಾರಣ ಸಿಕ್ಕಿತು. 20 ಹನಿ ಅಂದರೆ ಹೆಚ್ಚೂಕಡಿಮೆ ಒಂದು ಮಿಲಿ. ನಮ್ಮ ಜಾರ್‌ನಲ್ಲಿ ಹಿಡಿಯುವ ಮೇಣ 150 ಗ್ರಾಂ ದಾಟುತ್ತದೆ. ಅಂದರೆ ಸುಗಂಧ ನೂರಕ್ಕೆ ಒಂದು ಪಾಲೂ ಇಲ್ಲ. ಸೋಯಾ ಮೇಣಕ್ಕೆ ಸಾಮಾನ್ಯವಾಗಿ ಮೇಣದ ತೂಕದ ನೂರಕ್ಕೆ 6ರಿಂದ 10 ಪಾಲು ಹಾಕುತ್ತಾರೆ. ಅದಕ್ಕಿಂತ ಜಾಸ್ತಿ ಹಾಕಿದರೆ ಮೇಣ ಹಿಡಿದಿಟ್ಟುಕೊಳ್ಳುವುದಿಲ್ಲ, ಎಣ್ಣೆ ಮೇಲೆ ಹನಿ ಹನಿಯಾಗಿ ಬೆವರಿದ ಹಾಗೆ ನಿಲ್ಲುತ್ತದೆ. ಹನಿ ಲೆಕ್ಕ ಇಲ್ಲಿ ನಡೆಯುವುದಿಲ್ಲ, ತೂಕವೇ ಬೇಕು.

ಅಳತೆ ಹಿಡಿಯುವುದು ಸುಲಭ. ಖಾಲಿ ಜಾರ್ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿಕೊಳ್ಳಿ. ಎಲ್ಲಿಯವರೆಗೆ ಮೇಣ ಬರಬೇಕೋ ಅಲ್ಲಿಯವರೆಗೆ ನೀರು ತುಂಬಿ. ನಮ್ಮದು 180 ಗ್ರಾಂ ಬಂತು. ಮೇಣ ನೀರಿಗಿಂತ ಹಗುರ, ಹಾಗಾಗಿ ಅದನ್ನು 0.9ರಿಂದ ಗುಣಿಸಿ. 162 ಗ್ರಾಂ. ಅದರಲ್ಲಿ 153 ಗ್ರಾಂ ಮೇಣ, 9 ಗ್ರಾಂ ಸುಗಂಧ. ಇದು ನೂರಕ್ಕೆ ಆರರ ಲೆಕ್ಕ. ನನ್ನ ತಲೆಗೆ ಆರೇ ಹಿತ, ಕೋಣೆ ತುಂಬಾ ಘಮ ಬರುತ್ತದೆ, ನೋವು ಬರುವುದಿಲ್ಲ. ಆಮೇಲೆ ಜಾರ್‌ನ ಒಳಗೆ ಒಂದು ತೊಟ್ಟೂ ನೀರು ಉಳಿಯದ ಹಾಗೆ ಒರೆಸಿ ಒಣಗಿಸುವುದು ಮರೆಯಬೇಡಿ.

ಈ ಲೆಕ್ಕದ ಪ್ರಕಾರ ಒಂದು ಜಾರ್‌ಗೆ ಒಂದು ಬಾಟಲಿ ಪೂರ್ತಿ ಖರ್ಚಾಗುತ್ತದೆ. ಜಾರ್ ನಾಲ್ಕು, ಬಾಟಲಿ ಮೂರು! ಒಂದು ಜಾರ್‌ಗೆ ಸುಗಂಧವೇ ಇಲ್ಲ. ಇದು ಕಿಟ್ ಮಾಡಿದವರು ಸರಿಮಾಡಲೇಬೇಕಾದ ತಪ್ಪು. ಮೇಣ ಮಾತ್ರ ಧಾರಾಳವಾಗಿ ಕೊಟ್ಟಿದ್ದಾರೆ, ನಾಲ್ಕು ಜಾರ್ ತುಂಬಿದ ಮೇಲೂ ಮತ್ತೆ ಎರಡಕ್ಕೆ ಆಗುವಷ್ಟು ಉಳಿಯಿತು. ಕಲಿಯುವವರಿಗೆ ಆ ಎರಡು ಜಾರ್ ತುಂಬಾ ದೊಡ್ಡದು.

ಮೇಣದ ಗುಣಮಟ್ಟ ನಿಜಕ್ಕೂ ಚೆನ್ನಾಗಿದೆ. ಬಿಸಿನೀರಿನ ಪಾತ್ರೆಯಲ್ಲಿ ಜಗ್ ಇಟ್ಟರೆ ಹತ್ತೇ ನಿಮಿಷಕ್ಕೆ ಚಕ್ಕೆಗಳೆಲ್ಲ ಕುಸಿದು ತಿಳಿ ಹಳದಿ ಎಣ್ಣೆಯಾಗುತ್ತವೆ. ಕಮಟು ವಾಸನೆ ಇಲ್ಲ, ಕಸ ಇಲ್ಲ. ಜಗ್ಗನ್ನು ನೇರವಾಗಿ ಒಲೆ ಮೇಲೆ ಮಾತ್ರ ಇಡಬೇಡಿ. ಮೇಣ ತೀರಾ ಕಾದರೆ ಎಣ್ಣೆಯ ಹಾಗೆ ಹೊತ್ತಿಕೊಳ್ಳುತ್ತದೆ. ಹಾಗೇನಾದರೂ ಆದರೆ ನೀರು ಹಾಕಲೇಬಾರದು, ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ಹಾಳೆಯಲ್ಲಿ ಈ ಮಾತೇ ಇಲ್ಲ. ಮಕ್ಕಳೂ ಸೇರಿ ಮಾಡುವ ಕಿಟ್ ಅಂತ ಪೆಟ್ಟಿಗೆಯ ಮೇಲೆ ಚಿತ್ರ ಹಾಕಿದವರು ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು. ಅದು ಇಲ್ಲದ್ದು ನೋಡಿ ನನಗೆ ಸಿಟ್ಟೇ ಬಂತು.

ಕೈ ತೊಳೆಯುವ ಸಿಂಕ್‌ನಲ್ಲಿ ಉಳಿದ ಮೇಣ ಸುರಿಯಬೇಡಿ ಅಂತಲೂ ಬರೆದಿಲ್ಲ. ಪೈಪಿನೊಳಗೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಜಗ್ ಬಿಸಿಯಿರುವಾಗಲೇ ಕಾಗದದಿಂದ ಒರೆಸಿ ಆ ಕಾಗದ ಬಿಸಾಡಿ, ಅಷ್ಟೇ.

ಥರ್ಮಾಮೀಟರ್ ವಿಷಯ. ಐಸ್ ಪುಡಿ ಮಾಡಿ ಸ್ವಲ್ಪ ನೀರು ಬೆರೆಸಿ ಅದರಲ್ಲಿ ಅದ್ದಿ ನೋಡಿದೆ. ಸೊನ್ನೆ ತೋರಿಸಬೇಕಿತ್ತು, ನಾಲ್ಕು ತೋರಿಸಿತು. ಅಂದಿನಿಂದ ನಾಲ್ಕು ಡಿಗ್ರಿ ಕಳೆದೇ ಓದುತ್ತೇನೆ. ಮೇಣ 80-85 ಡಿಗ್ರಿಗೆ ಬಂದಾಗ ಒಲೆಯಿಂದ ಇಳಿಸಿ ಸುಗಂಧ ಹಾಕಿ, ಎರಡು ನಿಮಿಷ ನಿಧಾನವಾಗಿ ಕಲಕುತ್ತೇನೆ. ಬಿರುಸಾಗಿ ಕಲಕಿದರೆ ಗಾಳಿಗುಳ್ಳೆ ಸೇರಿಕೊಳ್ಳುತ್ತವೆ. ಆಮೇಲೆ 58 ಡಿಗ್ರಿವರೆಗೆ ತಣಿಯಲು ಬಿಟ್ಟು ಜಾರ್‌ಗೆ ಸುರಿಯುತ್ತೇನೆ.

ಸುರಿದ ಮೇಲಿನ ಹೊತ್ತು ನನಗೆ ಎಲ್ಲಕ್ಕಿಂತ ಇಷ್ಟ. ಮೊದಲು ಜಾರ್‌ನ ತಳ ಕಾಣುವಷ್ಟು ತಿಳಿ. ಕಾಲು ಗಂಟೆ ಕಳೆದರೆ ಗಾಜಿನ ಅಂಚಿನಲ್ಲಿ ಒಂದು ಬಿಳಿ ಗೆರೆ ಮೂಡುತ್ತದೆ. ಅದು ಮೆಲ್ಲಗೆ ಒಳಕ್ಕೆ ಸರಿಯುತ್ತದೆ, ಕೆರೆಗೆ ಮಂಜು ಇಳಿದ ಹಾಗೆ. ಕೊನೆಗೆ ಬತ್ತಿಯ ಸುತ್ತ ಒಂದು ಬೊಟ್ಟಿನಷ್ಟು ಜಾಗ ಮಾತ್ರ ತಿಳಿಯಾಗಿ ಉಳಿದು ಅದೂ ಮುಚ್ಚಿಕೊಳ್ಳುತ್ತದೆ. ಮಗಳು ಗಲ್ಲಕ್ಕೆ ಕೈಕೊಟ್ಟು ಪೂರ್ತಿ ನೋಡಿದಳು. ಮೊದಲ ಸಲ ಆತುರಪಟ್ಟು 70 ಡಿಗ್ರಿಯಲ್ಲೇ ಸುರಿದಿದ್ದೆ, ಬತ್ತಿಯ ಪಕ್ಕ ಹಳ್ಳ ಬಿದ್ದಿತ್ತು. ಹೇರ್ ಡ್ರೈಯರ್‌ನಿಂದ ಮೇಲ್ಪದರ ಕರಗಿಸಿದೆ, ಸಮವಾಯಿತು. ಗಾಜಿನ ಒಳಗೆ ಕೆಲವು ಕಡೆ ಬಿಳಿ ಹೂವು ಬಿಟ್ಟ ಹಾಗೆ ಕಂಡರೆ ಗಾಬರಿ ಬೇಡ, ಸೋಯಾ ಮೇಣ ಹರಳುಗಟ್ಟುವ ರೀತಿಯೇ ಹಾಗೆ. ಉರಿಯುವುದಕ್ಕೆ ಏನೂ ತೊಂದರೆ ಇಲ್ಲ. ವೆನಿಲಾ ಜಾರ್ ಮಾತ್ರ ತಿಂಗಳಾಗುವಷ್ಟರಲ್ಲಿ ತಿಳಿ ಕಂದು ಬಣ್ಣಕ್ಕೆ ತಿರುಗಿತು. ವೆನಿಲಾ ಸುಗಂಧದಲ್ಲಿರುವ ವೆನಿಲಿನ್ ಕಾರಣ. ನನಗೆ ಆ ಬಣ್ಣವೂ ಇಷ್ಟವಾಯಿತು.

ಈಗ ಬತ್ತಿ. ಈ ಕಿಟ್‌ನ ನಿಜವಾದ ಕೊರತೆ ಇರುವುದೇ ಇಲ್ಲಿ.

ಮೊದಲ ಜಾರ್ ಹಚ್ಚಿದಾಗ ಸುಗಂಧದ ಜೊತೆ ಇನ್ನೊಂದು ತೊಂದರೆಯೂ ಇತ್ತು. ಮೂರು ಗಂಟೆ ಉರಿದರೂ ಕರಗಿದ ಮೇಣ ಅಂಚು ಮುಟ್ಟಲಿಲ್ಲ. ಬತ್ತಿಯ ಸುತ್ತ ಐದು ಸೆಂಟಿಮೀಟರ್ ಅಗಲದ ಗುಂಡಿ, ಅದರಾಚೆ ಗಟ್ಟಿ ಮೇಣದ ಗೋಡೆ. ಜಾರ್‌ನ ಒಳ ಅಗಲ ಏಳೂವರೆ ಸೆಂಟಿಮೀಟರ್. ಎರಡನೇ ದಿನ ಗುಂಡಿ ಇನ್ನೂ ಆಳವಾಯಿತು, ಬಾವಿಯೊಳಗೆ ದೀಪ ಇಟ್ಟ ಹಾಗೆ. ನಾಲ್ಕನೇ ದಿನ ಬತ್ತಿ ಕರಗಿದ ಮೇಣದಲ್ಲಿ ಮುಳುಗಿ ತಾನಾಗಿ ಆರಿಹೋಯಿತು. ಜಾರ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಮೇಣ ಹಾಗೇ ಉಳಿದಿತ್ತು. ಎಷ್ಟು ಬೇಸರವಾಯಿತು ಗೊತ್ತಾ.

ಕ್ಯಾಂಡಲ್‌ನಲ್ಲಿ ಮುಖ್ಯವಾಗಿ ಉರಿಯುವುದು ಬತ್ತಿಯಲ್ಲ, ಮೇಣ. ಬತ್ತಿ ಕರಗಿದ ಮೇಣವನ್ನು ಮೇಲಕ್ಕೆ ಎಳೆದು ಕೊಡುತ್ತದೆ, ಅದು ಆವಿಯಾಗಿ ಉರಿಯುತ್ತದೆ. ಬತ್ತಿ ಸಣ್ಣದಾದರೆ ಎಳೆಯುವುದು ಕಡಿಮೆ, ಉರಿ ಸಣ್ಣದು, ಬಿಸಿ ಅಂಚಿನವರೆಗೆ ಹೋಗುವುದಿಲ್ಲ. ಕರಗಿದ ಮೇಣ ಎಷ್ಟು ಅಗಲ ಹರಡುತ್ತದೋ ಅಷ್ಟೂ ಕಡೆಯಿಂದ ಪರಿಮಳ ಏಳುತ್ತದೆ, ಹಾಗಾಗಿ ಘಮಕ್ಕೂ ಬತ್ತಿಯೇ ಕಾರಣ. ಕಿಟ್‌ನ ಬತ್ತಿ ಜಾತಿಯಲ್ಲಿ ಸರಿಯಾಗೇ ಇದೆ, ಜಡೆಯ ಹಾಗೆ ಹೆಣೆದ ಹತ್ತಿಯದು. ಈ ಹೆಣೆದ ಬತ್ತಿ 1825ರಲ್ಲಿ ಫ್ರಾನ್ಸಿನ ಕ್ಯಾಂಬಸೆರೆಸ್ ಅವರಿಂದ ಬಂತು. ಅದಕ್ಕೂ ಮುಂಚೆ ಬರೀ ಹೊಸೆದ ಬತ್ತಿ ಇತ್ತು, ಜನ ಆಗಾಗ ಎದ್ದು ಅದರ ತುದಿ ಕತ್ತರಿಸಬೇಕಿತ್ತು. ಹೆಣೆದದ್ದು ಉರಿಯುತ್ತ ಪಕ್ಕಕ್ಕೆ ಬಾಗಿ ತನ್ನ ತುದಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಅಷ್ಟು ಒಳ್ಳೆಯ ಬತ್ತಿ ಕೊಟ್ಟು ಅಳತೆಯಲ್ಲಿ ತಪ್ಪಿದ್ದಾರೆ. ಇದು ಐದು ಸೆಂಟಿಮೀಟರ್ ಅಗಲದ ಸಣ್ಣ ಡಬ್ಬಿಗೆ ಸರಿಹೋಗುವ ಬತ್ತಿ.

ಎರಡನೇ ಸಲ ಬತ್ತಿ ಅದೇ ಇಟ್ಟು ಸುಗಂಧ ಮಾತ್ರ ಸರಿಮಾಡಿ ವೆನಿಲಾ ಒಂದು, ನಿಂಬೆಹುಲ್ಲು ಒಂದು ಮಾಡಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಪರಿಮಳ ಬಂತು, ಗುಂಡಿ ಮಾತ್ರ ಬೀಳುತ್ತಲೇ ಇತ್ತು. ಇದೇ ವೆನಿಲಾ ಜಾರ್‌ನಲ್ಲಿ ಇನ್ನೊಂದು ಪರೀಕ್ಷೆ ಮಾಡಿದೆ. ಮೂರನೇ ದಿನ ಎರಡು ಗಂಟೆ ಹಚ್ಚಿ ಆರಿಸಿ, ಮುಚ್ಚಳ ಹಾಕಿ ಎತ್ತಿಟ್ಟೆ. ಎರಡು ವಾರ ಬಿಟ್ಟು ಮತ್ತೆ ಹಚ್ಚಿದೆ. ಮೊದಲು ಮೇಜಿನ ಹತ್ತಿರ ಮಾತ್ರ ಇದ್ದ ಘಮ ಈಗ ಬಾಗಿಲಿನವರೆಗೂ ಬಂತು. ಸೋಯಾ ಮೇಣದಲ್ಲಿ ಸುಗಂಧ ಚೆನ್ನಾಗಿ ಕೂಡಿಕೊಳ್ಳಲು ಒಂದೆರಡು ವಾರ ಬೇಕು. "ಮರುದಿನ ಹಚ್ಚಬಹುದು" ಅನ್ನುವ ಮಾತನ್ನು ಹಾಳೆಯಿಂದ ತೆಗೆಯಬೇಕು.

ಮೂರನೇ ಸಲಕ್ಕೆ ಮೂರು ಅಳತೆಯ ಬತ್ತಿಗಳಿರುವ ಒಂದು ಪೊಟ್ಟಣ ಬೇರೆ ತರಿಸಿದೆ. ಉಳಿದಿದ್ದ ಲ್ಯಾವೆಂಡರ್ ಒಂದು ಜಾರ್‌ಗೆ, ಹೊಸದಾಗಿ ತಂದ ಒಂದು ಬಾಟಲಿ ಇನ್ನೊಂದಕ್ಕೆ. ಎಲ್ಲಕ್ಕಿಂತ ದಪ್ಪ ಬತ್ತಿ ಹಾಕಿದ್ದರಲ್ಲಿ ಒಂದೇ ಗಂಟೆಗೆ ಮೇಣ ಅಂಚಿಗೆ ಬಂತು. ಆದರೆ ಉರಿ ಕುಣಿಯುತ್ತಿತ್ತು, ಬತ್ತಿಯ ತುದಿ ಅಣಬೆಯ ಹಾಗೆ ಕಿಟ್ಟಗಟ್ಟಿತು, ಗಾಜಿನ ಬಾಯಿಗೆ ಮಸಿ ಹಿಡಿಯಿತು, ಜಾರ್ ಮುಟ್ಟಲಾಗದಷ್ಟು ಕಾಯಿತು. ತಕ್ಷಣ ಆರಿಸಿದೆ. ನಡುವಿನ ಅಳತೆಯದ್ದು ಹಾಕಿದ್ದರಲ್ಲಿ ಉರಿ ಅಲುಗಾಡದೆ ನಿಂತಿತು, ಎರಡೂಮುಕ್ಕಾಲು ಗಂಟೆಗೆ ಮೇಣ ಸುತ್ತಲೂ ಗಾಜು ಮುಟ್ಟಿತು. ನಾನೂ ಮಗಳೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು.

ಮೊದಲ ಸಲ ಹಚ್ಚಿದಾಗ ಹೀಗೆ ಅಂಚು ಮುಟ್ಟುವವರೆಗೆ ಬಿಡಿ. ಬೇಗ ಆರಿಸಿದರೆ ಮುಂದಿನ ಸಲವೂ ಗುಂಡಿ ಅಷ್ಟಕ್ಕೇ ನಿಲ್ಲುವ ಸಾಧ್ಯತೆ ಜಾಸ್ತಿ. ನಾಲ್ಕು ಗಂಟೆ ಮಾತ್ರ ದಾಟಿಸಬೇಡಿ. ಪ್ರತಿ ಸಲ ಹಚ್ಚುವ ಮುಂಚೆ ಬತ್ತಿಯನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸಿ. ತಳದಲ್ಲಿ ಒಂದು ಸೆಂಟಿಮೀಟರ್ ಮೇಣ ಉಳಿದಾಗ ನಿಲ್ಲಿಸಿ, ಇಲ್ಲದಿದ್ದರೆ ಬಿಸಿ ನೇರವಾಗಿ ಗಾಜಿಗೆ ತಾಗುತ್ತದೆ. ಕಿಟ್‌ನ ಜಾರ್ ದಪ್ಪ ಗಾಜಿನದು, ಆರು ಸಲದಲ್ಲಿ ಒಂದೂ ಬಿರುಕು ಬಿಡಲಿಲ್ಲ. ಮನೆಯಲ್ಲಿರುವ ತೆಳು ಲೋಟಗಳಲ್ಲಿ ಮಾಡಲು ಹೋಗಬೇಡಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಮೇಣ, ಜಾರ್, ಜಗ್ ಬೇರೆ ಬೇರೆ ಹುಡುಕುವ ಕಷ್ಟ ತಪ್ಪುತ್ತದೆ, ಅಷ್ಟಕ್ಕೇ ಕೊಳ್ಳಬಹುದು. ಯಾರಿಗಾದರೂ ಉಡುಗೊರೆ ಕೊಡಲು ಈ ವಾರವೇ ಕ್ಯಾಂಡಲ್ ಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ. ತಿಂಗಳು ಕಾಯುತ್ತೇನೆ ಅನ್ನುವವರು ಧೈರ್ಯವಾಗಿ ತರಿಸಿ. ಜೊತೆಗೆ ಏಳೂವರೆ ಸೆಂಟಿಮೀಟರ್ ಜಾರ್‌ಗೆ ಹೊಂದುವ ಬತ್ತಿ, ಒಂದು ಬಾಟಲಿ ಹೆಚ್ಚಿನ ಸುಗಂಧ ಮೊದಲೇ ತರಿಸಿಕೊಳ್ಳಿ. ಕಿಟ್‌ನ ತೆಳು ಬತ್ತಿ ಬಿಸಾಡಬೇಡಿ, ಸಣ್ಣ ತಗಡಿನ ಡಬ್ಬಿಗಳಿಗೆ ಆಗುತ್ತವೆ. ನನ್ನ ಹತ್ತಿರ ಇನ್ನೂ ನಾಲ್ಕು ಉಳಿದಿವೆ, ಮಗಳು ಅವಕ್ಕೆ ಡಬ್ಬಿ ಹುಡುಕುತ್ತಿದ್ದಾಳೆ.