ಕಾರಿನ ಎಸಿ ವಾಸನೆ: ಫಿಲ್ಟರ್ ಸಾಕೋ, ಫೋಮ್ ಬೇಕೋ?

ಕಾಸರಗೋಡಿನ ಮಳೆಗಾಲದಲ್ಲಿ ಎಸಿ ಹಾಕಿದ ಕೂಡಲೇ ಒದ್ದೆ ಗೋಣಿಚೀಲದ ವಾಸನೆ ಬರುತ್ತದೆ ಅಲ್ವಾ? ಸೆಂಟಿನ ಡಬ್ಬಿ ಇಟ್ಟರೆ ಎರಡೂ ವಾಸನೆ ಸೇರಿ ತಲೆನೋವು ಜಾಸ್ತಿ. ಅದು ಬೇಡ.

ಮೊದಲು ಕ್ಯಾಬಿನ್ ಫಿಲ್ಟರ್, ಅಂದರೆ ಕಾರಿನೊಳಗೆ ಬರುವ ಗಾಳಿ ಸೋಸುವ ಫಿಲ್ಟರ್ ನೋಡಿ. ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ, ನಾವೇ ಬದಲಿಸಬಹುದು. ನಮ್ಮದನ್ನು ಎಳೆದಾಗ ಮಡಿಕೆಗಳಲ್ಲಿ ಕಪ್ಪು ಧೂಳು, ಕೊಳೆತ ಎಲೆಚೂರು ಅಂಟಿತ್ತು. ಖರ್ಚೂ ಕಡಿಮೆ. ಆದರೆ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಬೂಷ್ಟು ಹಿಡಿದಿದ್ದರೆ ಫಿಲ್ಟರ್ ಮಾತ್ರ ಸಾಲದು. ಆಗ ಕಾಯಿಲ್‌ಗೆ ಫೋಮ್ ಕ್ಲೀನರ್ (ಕೊಳೆ ತೆಗೆಯುವ ನೊರೆ) ಹೊಡೆಸಬೇಕು. ಕೊಳೆ ಕರಗಿ ಎಸಿ ನೀರಿನ ಪೈಪಿನಲ್ಲಿ ಕೆಳಗಿಳಿಯುತ್ತದೆ. ಇದನ್ನು ಗ್ಯಾರೇಜಿನಲ್ಲೇ ಮಾಡಿಸಿ, ಬ್ಲೋವರ್ ಮೋಟಾರಿಗೆ (ಎಸಿ ಫ್ಯಾನ್ ತಿರುಗಿಸುವ ಮೋಟಾರಿಗೆ) ಫೋಮ್ ತಾಗಬಾರದು.

ಎರಡೂ ಬೇಕಾದರೆ, ನಾನಾದರೆ ಫೋಮ್ ಮೊದಲು, ಹೊಸ ಫಿಲ್ಟರ್ ಆಮೇಲೆ. ಮನೆ ತಲುಪುವ 5 ನಿಮಿಷ ಮುಂಚೆ ಎಸಿ ನಿಲ್ಲಿಸಿ ಫ್ಯಾನ್ ಮಾತ್ರ ಬಿಡಿ, ಕಾಯಿಲ್ ಒಣಗುತ್ತದೆ.