ಉಕ್ಕಿನ ಚೌಕಟ್ಟು ಬಂದಿಳಿಯುವ ಮೊದಲು ಅಡಿಪಾಯದ ಕರ್ಣ ಅಳೆಯಿರಿ

ಉಕ್ಕಿನ ಚೌಕಟ್ಟಿನ ಮನೆಯನ್ನು ಗಂಡ ಹೆಂಡತಿ ಇಬ್ಬರೇ ಸೇರಿ ಕಟ್ಟಿಕೊಳ್ಳಬಹುದು ಎಂಬ ಮಾತನ್ನು ನಂಬಿ ಕೆಲಸಕ್ಕೆ ಇಳಿದವರು ನಾವು. ಕಾರ್ಖಾನೆಯಲ್ಲೇ ಕತ್ತರಿಸಿ, ರಂಧ್ರ ಕೊರೆದು, ಸತುವಿನ ಲೇಪ ಹಚ್ಚಿ, ಸಂಖ್ಯೆ ಬರೆದು ಕಳುಹಿಸುವ ಕಂಬ ತೊಲೆಗಳನ್ನು ನಕ್ಷೆಯಂತೆ ಬೋಲ್ಟ್ ಹಾಕಿ ಬಿಗಿದರೆ ಸಾಕು, ವೆಲ್ಡಿಂಗ್ ಕೂಡ ಬೇಕಿಲ್ಲ ಎಂದು ಮಾರಿದವರು ಹೇಳಿದ್ದರು. ಅದೇನೂ ಸುಳ್ಳಲ್ಲ. ಆದರೆ ಆ ಕಂಬಗಳು ನಿಲ್ಲಬೇಕಾದ ಅಡಿಪಾಯ ಕಾರ್ಖಾನೆಯಿಂದ ಬರುವುದಿಲ್ಲ. ಅದನ್ನು ನಾವೇ ಹಾಕಿದೆವು, ಕೆಟ್ಟದ್ದೂ ಅಲ್ಲಿಯೇ.

ನಮ್ಮ ಅಡಿಪಾಯ 12 ಮೀಟರ್ ಉದ್ದ, 9 ಮೀಟರ್ ಅಗಲ. ಈ ಅಳತೆಗೆ ಮೂಲೆಮಟ್ಟ ಸರಿಯಿದ್ದರೆ ಎರಡು ಕರ್ಣಗಳೂ ಸರಿಯಾಗಿ 15 ಮೀಟರ್ ಬರಬೇಕು. 3, 4, 5ರ ಲೆಕ್ಕ ಗೊತ್ತಿರುವ ಯಾರಾದರೂ ಟೇಪು ಹಿಡಿದು ಐದು ನಿಮಿಷದಲ್ಲಿ ನೋಡಿಬಿಡಬಹುದಾದ ಸಂಗತಿ. ನಾವು ನಾಲ್ಕು ಬದಿಗಳನ್ನು ಅಳೆದೆವು, ನಾಲ್ಕೂ ಸರಿಯಾಗಿದ್ದವು, ಅಷ್ಟಕ್ಕೇ ಸಮಾಧಾನಪಟ್ಟುಕೊಂಡೆವು. ಬದಿಗಳೆಲ್ಲ ಸರಿಯಿದ್ದೂ ಆಯತ ಓರೆಯಾಗಿರಬಹುದು ಎಂಬುದು ಶಾಲೆಯಲ್ಲಿ ಕಲಿತದ್ದೇ, ಆದರೆ ಕಾಂಕ್ರೀಟ್ ಲಾರಿ ಬಂದು ನಿಂತಾಗ ಅದು ಇಬ್ಬರಿಗೂ ನೆನಪಾಗಲಿಲ್ಲ. ಚೌಕಟ್ಟು ಬಂದಿಳಿದ ದಿನ, ಕಂಬ ಕೂರುತ್ತಿಲ್ಲವೇಕೆ ಎಂದು ಅಳೆದಾಗ ಕರ್ಣಗಳ ನಡುವೆ 36 ಮಿ.ಮೀ. ವ್ಯತ್ಯಾಸ ಕಂಡಿತು. ಅಂದರೆ ಕಂಬಗಳನ್ನು ಹಿಡಿದಿಡಲು ಕಾಂಕ್ರೀಟಿನಲ್ಲಿ ಹೂತಿಟ್ಟ ಒಂದು ಸಾಲಿನ ಆಂಕರ್ ಬೋಲ್ಟ್‌ಗಳೆಲ್ಲ ಇರಬೇಕಾದ ಜಾಗದಿಂದ ಸುಮಾರು 22 ಮಿ.ಮೀ. ಪಕ್ಕಕ್ಕೆ ಸರಿದಿದ್ದವು. ಇಟ್ಟಿಗೆ ಗೋಡೆಯಾಗಿದ್ದರೆ ಇಷ್ಟು ವ್ಯತ್ಯಾಸ ಗಾರೆಯಲ್ಲೇ ಮುಚ್ಚಿಹೋಗುತ್ತಿತ್ತು. ನಮ್ಮ ಕಂಬಗಳ ಬುಡದ ಉಕ್ಕಿನ ತಟ್ಟೆಯಲ್ಲಿ, ಅಂದರೆ ಬೇಸ್ ಪ್ಲೇಟಿನಲ್ಲಿ, 16 ಮಿ.ಮೀ. ಬೋಲ್ಟಿಗೆ 18 ಮಿ.ಮೀ. ರಂಧ್ರವಿತ್ತು, ಸುತ್ತ ಒಂದೊಂದು ಮಿ.ಮೀ. ಮಾತ್ರ ಎಡೆ.

ಆ ಹೊತ್ತಿಗೆ ಬಾಡಿಗೆಯ ಕ್ರೇನ್ ಬಂದು ನಿಂತಿತ್ತು. ಇಬ್ಬರೇ ಕಟ್ಟಬಹುದು ಎಂದವರು ಕ್ರೇನಿನ ಮಾತೆತ್ತಿರಲಿಲ್ಲ, ಆದರೆ ಮೀಟರಿಗೆ 25 ಕಿಲೋ ತೂಗುವ 9 ಮೀಟರಿನ ತೊಲೆಯೆಂದರೆ 225 ಕಿಲೋ; ಅದನ್ನು ಯಾವ ದಂಪತಿಯೂ ಎತ್ತಿ ಕಂಬದ ಮೇಲೆ ಇಡಲಾರರು. ಕ್ರೇನಿಗೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ಏರುತ್ತಿದ್ದುದನ್ನು ನೋಡುತ್ತ ನಾವು ಮಾಡಬಾರದ ಎರಡು ಕೆಲಸ ಮಾಡಿದೆವು. ಕೆಲವು ಬೋಲ್ಟ್‌ಗಳನ್ನು ಕಾಯಿಸಿ ಬಡಿದು ಬಗ್ಗಿಸಿದೆವು. ಬಗ್ಗದ ಕಡೆ ಪ್ಲೇಟಿನ ರಂಧ್ರವನ್ನೇ ಗ್ಯಾಸ್ ಕಟಿಂಗ್‌ನಿಂದ ಅಗಲ ಮಾಡಿದೆವು. ಸತುವಿನ ಲೇಪ ಸುಟ್ಟು ಬಿಳಿಯ ಹೊಗೆ ಎದ್ದಿತು, ಅದನ್ನು ಬಗ್ಗಿ ಉಸಿರಾಡಿದ ನನ್ನ ಪತಿಗೆ ಅಂದು ರಾತ್ರಿ ಚಳಿಜ್ವರ ಬಂದಿತು. ದಣಿವಿನ ಜ್ವರವೆಂದುಕೊಂಡಿದ್ದೆವು. ಸತು ಸುಟ್ಟ ಹೊಗೆಯಿಂದ ಕೆಲವು ಗಂಟೆಗಳ ನಂತರ ಇಂಥ ಜ್ವರ ಬರುವುದುಂಟು ಎಂದು ವೈದ್ಯರು ಮರುದಿನ ತಿಳಿಸಿದರು.

ಅದೇ ರಾತ್ರಿ ಗಾಳಿ ಎದ್ದಿತು. ಮೂರು ಚೌಕಟ್ಟುಗಳನ್ನು ನಿಲ್ಲಿಸಿ, ಮೇಲೆ ತೊಲೆಗಳಿಂದ ಜೋಡಿಸಿ ಬಂದಿದ್ದೆವು, ಆದರೆ ಓರೆಯಾಗಿ ಬಿಗಿಯುವ ಕಂಬಿಗಳ ಕಟ್ಟನ್ನು ಬಿಚ್ಚಿಯೇ ಇರಲಿಲ್ಲ. ಅವು ಕೊನೆಗೆ ಹಾಕುವಂಥವು ಎಂದು ತಿಳಿದಿದ್ದೆವು. ಅಡ್ಡಪಟ್ಟಿ ಕೊಡದ ಮಂಚವನ್ನು ಅಲುಗಿಸಿ ನೋಡಿದವರಿಗೆ ಇದರ ಅರ್ಥ ತಕ್ಷಣ ಆಗುತ್ತದೆ: ನಾಲ್ಕು ಮೂಲೆಯ ಚೌಕ ಎಷ್ಟೇ ದಪ್ಪದ ಉಕ್ಕಿನದಾದರೂ ಒತ್ತಿದ ಕಡೆ ವಾಲುತ್ತದೆ, ಅದನ್ನು ತ್ರಿಕೋನಗಳಾಗಿ ಒಡೆಯುವ ಓರೆಕಂಬಿ ಬಂದ ಮೇಲಷ್ಟೇ ನಿಲ್ಲುತ್ತದೆ. ಬೆಳಿಗ್ಗೆ ತೂಗುಗುಂಡು ಇಳಿಬಿಟ್ಟು ನೋಡಿದರೆ ಕಂಬಗಳ ತಲೆ 70 ಮಿ.ಮೀ. ಒಂದೇ ಕಡೆಗೆ ವಾಲಿತ್ತು, ಬಗ್ಗಿಸಿದ ಬೋಲ್ಟ್‌ಗಳ ಬುಡದಲ್ಲಿ ಕಾಂಕ್ರೀಟ್ ಸಿಡಿದಿತ್ತು. ಅದರ ಕೆಳಗೆ ಯಾರೂ ಇರಲಿಲ್ಲ ಎಂಬುದೊಂದೇ ನಮ್ಮ ಪುಣ್ಯ.

ಆಮೇಲೆ ಕರೆಸಿದ ಸ್ಟ್ರಕ್ಚರಲ್ ಎಂಜಿನಿಯರ್ ಎಲ್ಲವನ್ನೂ ಇಳಿಸಬೇಕೆಂದರು. ಬಗ್ಗಿಸಿದ ಬೋಲ್ಟ್‌ಗಳನ್ನು ಕತ್ತರಿಸಿ, ಸರಿಯಾದ ಜಾಗದಲ್ಲಿ ಕಾಂಕ್ರೀಟ್ ಕೊರೆದು, ಅಂಟುರಾಳ ತುಂಬಿ ಹೊಸ ಬೋಲ್ಟ್ ಕೂರಿಸಬೇಕು, ಸುಟ್ಟ ಬೇಸ್ ಪ್ಲೇಟ್‌ಗಳನ್ನು ಬದಲಿಸಬೇಕು, ಆಮೇಲೆ ಮೊದಲ ಎರಡು ಚೌಕಟ್ಟುಗಳ ನಡುವೆಯೇ ಓರೆಕಂಬಿ ಬಿಗಿದು ಮುಂದಕ್ಕೆ ಹೋಗಬೇಕು ಎಂದು ಬರೆದುಕೊಟ್ಟರು. ಹೊಂದದ ಬೋಲ್ಟ್ ಕಂಡ ದಿನವೇ ಕ್ರೇನನ್ನು ವಾಪಸು ಕಳುಹಿಸಿ ಅವರಿಗೆ ಫೋನ್ ಮಾಡಿದ್ದರೆ ಮೊದಲನೆಯ ಕೆಲಸವಷ್ಟೇ ಉಳಿಯುತ್ತಿತ್ತು.

ಇಬ್ಬರಿದ್ದರೆ ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುತ್ತಾರೆ ಎಂಬ ನಮ್ಮ ಎಣಿಕೆಯೂ ಹುಸಿಯಾಯಿತು. ಒಂದೇ ಹೊತ್ತಿಗೆ ಎದ್ದು, ಒಂದೇ ಬಿಸಿಲಿನಲ್ಲಿ ದಣಿದು, ಒಂದೇ ಖರ್ಚಿಗೆ ಹೆದರಿದ ಇಬ್ಬರೂ ಒಂದೇ ತಪ್ಪನ್ನು ಸರಿ ಎಂದೆವು. ಕಾಂಕ್ರೀಟ್ ಸುರಿಯುವ ಹಿಂದಿನ ದಿನ ಒಮ್ಮೆ, ಚೌಕಟ್ಟು ತರಿಸುವ ಮೊದಲು ಇನ್ನೊಮ್ಮೆ, ಮನೆಯವರಲ್ಲದ ಬಲ್ಲವರೊಬ್ಬರ ಕೈಯಲ್ಲಿ ಟೇಪು ಕೊಟ್ಟು ಅಳೆಸಿ. ಸಾಧ್ಯವಿದ್ದರೆ ಬೇಸ್ ಪ್ಲೇಟಿನ ಅಳತೆಯ ಅಚ್ಚುಹಲಗೆಯನ್ನು ಮಾರುವವರಿಂದಲೇ ತರಿಸಿ, ಬೋಲ್ಟ್‌ಗಳನ್ನು ಅದಕ್ಕೆ ಬಿಗಿದು ಕಾಂಕ್ರೀಟ್ ಹಾಕಿ.

ನಷ್ಟದಲ್ಲಿ ಪಾಲು ಕೇಳಿ ಮಾರಿದವರಿಗೆ ಪತ್ರ ಬರೆದೆವು. ಅಡಿಪಾಯ, ಕ್ರೇನ್, ತಾತ್ಕಾಲಿಕ ಆಧಾರ, ಈ ಮೂರೂ ಕೊಳ್ಳುವವರ ಹೊಣೆ ಎಂದು ಎರಡು ಸಾಲಿನ ಉತ್ತರ ಬಂದಿತು. ಒಪ್ಪಂದದ ಪತ್ರ ತೆಗೆದು ನೋಡಿದರೆ ಕೊನೆಯ ಪುಟದಲ್ಲಿ ಹಾಗೆಯೇ ಇತ್ತು, ಕೆಳಗೆ ನಮ್ಮಿಬ್ಬರ ಸಹಿಯೂ ಇತ್ತು.